ಹಗ್ಗದಾಚೆಯ ಅಳಿಯ

ಎಲ್ಲದಕ್ಕೂ ಕಾರಣ ಹಡಗಿನ ಮೂಗಿನಲ್ಲಿ ಆದ ಒಂದು ತೂತು. ಅದೂ ದೊಡ್ಡದೇನಲ್ಲ, ಊಟದ ತಟ್ಟೆಯಷ್ಟಗಲ. ಬೆಳಗಿನ ಮಂಜಿನಲ್ಲಿ ಬಂದರಿಗೆ ಬಂದ ಸರಕಿನ ಹಡಗೊಂದು ಅಂದಾಜು ತಪ್ಪಿ, ಹಡಗು ಕಟ್ಟಿಹಾಕುವ ಧಕ್ಕೆಯ ಕಲ್ಲುಕಟ್ಟೆಗೆ ಮೂತಿ ಗುದ್ದಿಕೊಂಡಿತು. ಹಡಗಿನಲ್ಲಿದ್ದ ಯಾರಿಗೂ ಏನೂ ಆಗಲಿಲ್ಲ. ಪೆಟ್ಟು ಬಿದ್ದದ್ದು ಸೀಟಿಯಣ್ಣನಿಗೆ, ಅದೂ ಮಧ್ಯಾಹ್ನದ ಹೊತ್ತಿಗೆ.

ಸೀಟಿಯಣ್ಣ ಆ ಧಕ್ಕೆಯ ಕಾವಲುಗಾರ. ಕೊರಳಲ್ಲಿ ಸದಾ ಸೀಟಿ ನೇತಾಡುವುದರಿಂದ ಆ ಹೆಸರು. ನಿಯಮ ಎಂದರೆ ಅವನಿಗೆ ಪ್ರಾಣ. ಧಕ್ಕೆಯ ಬೆಕ್ಕು ಕೂಡ ಅವನಿಗೆ ಹೆದರಿ ರಸ್ತೆಯ ಅಂಚಿನಲ್ಲೇ ನಡೆಯುತ್ತದೆ ಎಂದು ಕ್ರೇನ್ ಓಡಿಸುವವನು ತಮಾಷೆ ಮಾಡುವುದುಂಟು.

ಆ ದಿನ ಸೀಟಿಯಣ್ಣನ ಮನೆಗೆ ಮೊಟ್ಟಮೊದಲ ಬಾರಿಗೆ ಮಾವ ಊಟಕ್ಕೆ ಬರುವವರಿದ್ದರು. ಮದುವೆಯಾಗಿ ಹನ್ನೊಂದು ವರ್ಷ ಕಳೆದಿದ್ದರೂ ಆ ಯಜಮಾನರು ಮಗಳ ಹೊಸ್ತಿಲು ತುಳಿದಿರಲಿಲ್ಲ. ಅವರು ರೈಲ್ವೆ ಸ್ಟೇಷನ್ ಮಾಸ್ಟರ್ ಆಗಿದ್ದವರು. ಮದುವೆಯ ದಿನ ಯಾವುದೋ ಹಡಗು ತಡವಾಗಿ, ಬದಲಿ ಕಾವಲುಗಾರ ಬಾರದೆ, ಸೀಟಿಯಣ್ಣ ತನ್ನ ಮದುವೆಗೆ ತಾನೇ ಮೂರು ಗಂಟೆ ತಡವಾಗಿ ಹೋಗಿದ್ದ. ಮಾವ ಮಗಳನ್ನೇನೋ ಕೊಟ್ಟರು, ಆದರೆ ‘ಅಳಿಯ’ ಎಂಬ ಮಾತನ್ನು ಕೊಡಲಿಲ್ಲ. ಅಂದಿನಿಂದ ಇಂದಿನವರೆಗೂ ಅವರ ಬಾಯಲ್ಲಿ ಅವನು ‘ಆ ಬಂದರಿನ ಮನುಷ್ಯ’. ಹೊತ್ತಿಗೆ ಬಾರದ ಗಾಡಿಗೆ ತಾನು ಸಿಗ್ನಲ್ ಕೊಡುವುದಿಲ್ಲ ಎಂದು ನೆಂಟರ ಮುಂದೆಲ್ಲ ಹೇಳಿಕೊಂಡು ಬಂದಿದ್ದರು.

ಅದೇ ದೊಡ್ಡ ಮಗಳ ಗಂಡ, ಬಟ್ಟೆ ಅಂಗಡಿಯ ಷಡ್ಡಕ, ಸುಮ್ಮನೆ ಕೂತಲ್ಲೇ ಅಳಿಯನಾಗಿಬಿಟ್ಟಿದ್ದ. ಅಳಿಯಂದಿರೇ ನೀರು ಕುಡಿಯಿರಿ, ಅಳಿಯಂದಿರೇ ಗಾಳಿ ಬರ್ತಿದೆಯಾ, ಅಳಿಯಂದಿರೇ ಕಾಲು ಚಾಚಿ. ಇದನ್ನೆಲ್ಲ ಸೀಟಿಯಣ್ಣ ಮಾವನ ಮನೆಯ ಮೂಲೆಯಲ್ಲಿ ಕೂತು ಕೇಳುತ್ತಿದ್ದ. ಸಾಯುವುದರೊಳಗೆ ಒಂದು ಸಲ ಆ ಮಾತು ತನ್ನ ಕಿವಿಗೂ ಬೀಳಬೇಕು ಎಂಬುದೊಂದೇ ಅವನ ಆಸೆ.

ಹೆಂಡತಿ ಬೆಳಿಗ್ಗೆಯೇ ಎಚ್ಚರಿಸಿ ಕಳಿಸಿದ್ದಳು. “ಒಂದು ಗಂಟೆಗೆ ತಟ್ಟೆ ಹಾಕ್ತೀನಿ. ಅಷ್ಟೊತ್ತಿಗೆ ನೀವು ಹೊಸ್ತಿಲ ಒಳಗಿರಬೇಕು. ಇಲ್ಲಾಂದ್ರೆ ಇನ್ಮೇಲೆ ಬಂದರಲ್ಲೇ ಮನೆ ಮಾಡ್ಕೊಳ್ಳಿ.” ಆಮೇಲೆ ಕಿಟಕಿಯಿಂದಾಚೆ ನೋಡಿ ಸ್ವಲ್ಪ ಸಮಾಧಾನಗೊಂಡಳು. ಅವರ ಮನೆ ಬಂದರಿನ ನೌಕರರ ಸಾಲಿನಲ್ಲಿ ಕೊನೆಯದು. ಎದುರಿಗೇ ರಿಪೇರಿ ಧಕ್ಕೆ. ದಿನವಿಡೀ ಅಲ್ಲಿ ಸುತ್ತಿಗೆಯ ಸದ್ದು. ಪುಣ್ಯಕ್ಕೆ ಅಂದು ಅಲ್ಲಿ ಒಂದು ಹಡಗೂ ಇರಲಿಲ್ಲ, ಅಪ್ಪ ನೆಮ್ಮದಿಯಾಗಿ ಊಟ ಮಾಡಬಹುದು ಎಂದಳು.

ತೂತು ಬಿದ್ದ ಹಡಗಿನಿಂದ ಎಣ್ಣೆಯ ವಾಸನೆ ಬರತೊಡಗಿದ್ದೇ ಸುರಕ್ಷತಾಧಿಕಾರಿ ಮೈಕು ಹಿಡಿದು ಬಂದರು. ಹಡಗಿನ ಸುತ್ತ ನೂರು ಮೀಟರು ತಾತ್ಕಾಲಿಕ ಸುರಕ್ಷತಾ ವಲಯ ಎಂದು ಸಾರಿದರು. ನಿಯಮ ಮೂರೇ. ಅನುಮತಿಯಿಲ್ಲದೆ ಯಾರೂ ಒಳಗೆ ಬರುವಂತಿಲ್ಲ. ಒಳಗಿದ್ದವರ ಅಂಗಾಲಿಗೆ ಎಣ್ಣೆ ಅಂಟಿಲ್ಲ ಎಂದು ಅಧಿಕಾರಿ ನೋಡುವತನಕ ಅವರು ಹೊರಗೆ ಹೋಗುವಂತಿಲ್ಲ. ಹಡಗು ಎಲ್ಲಿದೆಯೋ ವಲಯವೂ ಅಲ್ಲೇ.

ಸೀಟಿಯಣ್ಣನಿಗೆ ಹುಮ್ಮಸ್ಸು ಬಂತು. ಹಗ್ಗ ಕಟ್ಟುವ ಮೊದಲೇ ಸೀಟಿ ಊದಿ ಊದಿ ಧಕ್ಕೆಯನ್ನೆಲ್ಲ ಖಾಲಿ ಮಾಡಿಸಿದ. ಮೂಟೆ ಹೊರುವವರು, ಕ್ರೇನಿನವನು, ಬಲೆ ಹೆಣೆಯುವ ತಾತ, ಒಬ್ಬರನ್ನೂ ಬಿಡಲಿಲ್ಲ. ಅಷ್ಟರಲ್ಲಿ ಕೆಲಸದವರು ಕಂಬ ನೆಟ್ಟು, ಹಡಗಿನ ಬಾಲದ ಬಳಿಯಿಂದ ಮೂಗಿನತನಕ ಧಕ್ಕೆಯ ಮೇಲೆ ಕೆಂಪು ಹಗ್ಗ ಬಿಗಿದರು. ಕೆಲಸ ಮುಗಿದ ಮೇಲೆ ತಿರುಗಿ ನೋಡಿದರೆ ಹಗ್ಗದೊಳಗೆ ಉಳಿದಿದ್ದವನು ಅವನೊಬ್ಬನೇ. ಕಾವಲುಗಾರ ಒಳಗೇ ಇರಬೇಕಲ್ಲ, ಇರಲಿ ಎಂದುಕೊಂಡ. ಹೇಗೂ ಹನ್ನೊಂದಕ್ಕೆ ಬದಲಿಯವನು ಬರುತ್ತಾನೆ.

ಬದಲಿಯವನು ಹೊತ್ತಿಗೆ ಸರಿಯಾಗಿಯೇ ಬಂದ. ಬಂದವನು ಹಗ್ಗದ ಹೊರಗೆ ನಿಂತ, ಮುಂದೆ ಕಾಲಿಡಲಿಲ್ಲ. ಈ ಮನುಷ್ಯನಿಗೆ ಕೆಲಸ ಕಲಿಸಿದ್ದೇ ಸೀಟಿಯಣ್ಣ. ಹೇಳಿದ್ದನ್ನು ಹೇಳಿದಷ್ಟೇ ಮಾಡುವುದು ಅವನ ಗುಣ.

“ಬಾರಪ್ಪ ಒಳಗೆ, ನಾನು ಹೊರಡ್ತೀನಿ,” ಎಂದ ಸೀಟಿಯಣ್ಣ.

“ಒಳಗೆ ಬರೋ ಹಾಗಿಲ್ವಲ್ಲ ಅಣ್ಣ.”

“ಸರಿ, ಹಂಗಾದ್ರೆ ನಾನೇ ಬರ್ತೀನಿ.”

“ಪರೀಕ್ಷೆ ಆಗದೆ ಬಂದ್ರೆ ನಾನು ತಡೀಬೇಕಾಗುತ್ತೆ. ನೀವೇ ಹೇಳ್ಕೊಟ್ಟಿದ್ದು, ದೇವರೇ ಬಂದ್ರೂ ಬಿಡಬೇಡ ಅಂತ.”

ಅಧಿಕಾರಿಯನ್ನು ಕರೆಸಿದ್ದಾಯಿತು. ಅವರು ಸೌಮ್ಯ ಸ್ವಭಾವದವರು, ಆದರೆ ತಾವೇ ಮಾಡಿದ ನಿಯಮಕ್ಕೆ ತಾವೇ ಹೆದರುವವರು. ಬದಲಿಯವನಿಗೆ ಅನುಮತಿ ಕೊಡಿ ಎಂದರೆ, ಅಗತ್ಯವಿದ್ದವರಿಗೆ ಮಾತ್ರ ಅನುಮತಿ, ಕಾವಲುಗಾರ ಒಬ್ಬ ಒಳಗಿರುವಾಗ ಇನ್ನೊಬ್ಬ ಯಾಕೆ ಎಂದು ಕೇಳಿದರು. ಹಾಗಾದರೆ ನೀವೇ ಒಳಗೆ ಬಂದು ನನ್ನ ಅಂಗಾಲು ನೋಡಿ ಎಂದ ಸೀಟಿಯಣ್ಣ. ಅಧಿಕಾರಿ ಹಗ್ಗ ದಾಟಲು ಎತ್ತಿದ ಕಾಲನ್ನು ಮತ್ತೆ ಕೆಳಗಿಟ್ಟರು.

“ಅನುಮತಿ ಕೊಡೋನು ನಾನು. ನಾನೇ ಕೇಳಿ ನಾನೇ ಕೊಟ್ಕೊಂಡ್ರೆ ನಾಲ್ಕು ಜನ ಏನಂತಾರೆ?”

ಸೀಟಿಯಣ್ಣ ಚಪ್ಪಲಿ ಕಳಚಿ, ಒಂದು ಕಾಲನ್ನು ಎತ್ತಿ ಹಗ್ಗದಾಚೆ ಚಾಚಲು ಹೋದ. ಬದಲಿಯವನು ಸೀಟಿ ಊದಿದ. ಕಾಲು ಹೊರಗೆ ಬಂದರೆ ಮನುಷ್ಯನೇ ಬಂದ ಹಾಗೆ ಎಂದು ಅಧಿಕಾರಿಯೂ ಒಪ್ಪಿದರು. ಕೊನೆಗೆ ಅವನು ಒಳಗೇ ಅಂಗಾತ ಮಲಗಿ ಎರಡೂ ಕಾಲು ಮೇಲೆತ್ತಿ ಹಿಡಿದ. ಅಧಿಕಾರಿ ಕನ್ನಡಕ ಸರಿಪಡಿಸಿಕೊಂಡು ದೂರದಿಂದಲೇ ಇಣುಕಿದರು. ಎಣ್ಣೆ ಕಾಣುತ್ತಿಲ್ಲ, ಆದರೆ ಮೂಸಿಯೂ ನೋಡಬೇಕು, ಮೂಸಲು ಮೂಗು ಒಳಗೆ ಹಾಕಬೇಕಾಗುತ್ತದೆ, ಅದು ಪ್ರವೇಶವಾಗುತ್ತದೆ ಎಂದು ನೊಂದುಕೊಂಡರು.

ಇಷ್ಟು ಹೊತ್ತಿಗೆ ಹಗ್ಗದ ಸುತ್ತ ಜಾತ್ರೆಯೇ ನೆರೆದಿತ್ತು. ಪುಕ್ಕಟೆ ಸಲಹೆಗೆ ಬರವೇ? ಒಬ್ಬ ಈಜಿಕೊಂಡು ಹೋಗು ಎಂದ, ಇನ್ನೊಬ್ಬ ನಿನಗೆ ಈಜು ಬರುತ್ತದೆಯೇ ಎಂದು ಕೇಳಿದ. ಬರುವುದಿಲ್ಲ ಎಂದು ತಿಳಿದ ಮೇಲೂ ಅವರಿಬ್ಬರ ವಾದ ನಿಲ್ಲಲಿಲ್ಲ. ನಡುವೆ ಪಕ್ಕದ ಮನೆಯಾಕೆ ಓಡಿಬಂದು ಸುದ್ದಿ ಮುಟ್ಟಿಸಿದಳು. ಮಾವ ಬಂದಿದ್ದಾರೆ, ಗಡಿಯಾರದ ಎದುರಿನ ಕುರ್ಚಿಯನ್ನೇ ಆರಿಸಿ ಕೂತಿದ್ದಾರೆ. ಷಡ್ಡಕನೂ ಬಂದಿದ್ದಾನೆ, ಆಗಲೇ ಸಿಹಿ ತಿನ್ನುತ್ತಿದ್ದಾನೆ. ಇದನ್ನು ಹೇಳಿ ಆಕೆ ಇನ್ನೊಂದಿಷ್ಟು ಸುದ್ದಿ ತರಲು ಮತ್ತೆ ಓಡಿದಳು.

ಸೀಟಿಯಣ್ಣ ಹಗ್ಗವನ್ನೇ ದಿಟ್ಟಿಸಿದ. ತಾನು ಹೊರಗೆ ಹೋಗುವಂತಿಲ್ಲ, ಸರಿ. ಹಗ್ಗವೇ ಒಳಗೆ ಬಂದರೆ? ಯಾರೂ ನೋಡದಾಗ ತನ್ನ ಬಳಿಯ ಕಂಬವನ್ನು ಕಿತ್ತು ತನ್ನ ಬೆನ್ನ ಹಿಂದೆ ನೆಟ್ಟುಬಿಟ್ಟರೆ ತಾನು ಹೊರಗಿನವನಾದಂತೆಯೇ! ಅತ್ತಿತ್ತ ನೋಡಿ ಕಂಬವನ್ನು ಅಲ್ಲಾಡಿಸಿದ. ಕಂಬ ಕಿತ್ತು ಬಂತು. ಬಿಗಿಯಾಗಿದ್ದ ಹಗ್ಗ ಸಡಿಲಾಗಿ ನೆಲಕ್ಕೆ ಬಿತ್ತು. ಅಷ್ಟು ಹೊತ್ತಿಗೆ ಗಾಳಿ ಬೀಸಿ, ಆಚೆ ತುದಿಯ ಕಂಬಗಳೂ ಸಾಲಾಗಿ ಹೊರಕ್ಕೆ ಮಲಗಿ, ಹಗ್ಗ ಕ್ಯಾಂಟೀನಿನ ಆಚೆಗೆ ಹಾರಿಬಿತ್ತು.

ಅಧಿಕಾರಿ ಗಾಬರಿಯಾಗಿ ಹಗ್ಗ ಎಲ್ಲಿ ಬಿದ್ದಿದೆಯೋ ಅಲ್ಲೇ ಎತ್ತಿ ಕಟ್ಟಿ ಎಂದು ಕೂಗಿದರು. ಕೆಲಸದವರು ಹೇಳಿದಂತೆ ಮಾಡಿದರು. ಕಟ್ಟಿ ಮುಗಿದಾಗ ಸೀಟಿಯಣ್ಣ ಇದ್ದಲ್ಲೇ ಇದ್ದ, ಜೊತೆಗೆ ಧಕ್ಕೆಯ ಕ್ಯಾಂಟೀನೂ ವಲಯದೊಳಗೆ ಸೇರಿಹೋಗಿತ್ತು. ಕ್ಯಾಂಟೀನಿನ ಅಕ್ಕ, ಚಹಾ ಕುಡಿಯುತ್ತಿದ್ದ ಕ್ರೇನಿನವನು, ಬಲೆ ಹೆಣೆಯುವ ತಾತ, ಸುದ್ದಿ ಹೊತ್ತು ಎರಡನೇ ಸಲ ಬಂದಿದ್ದ ಪಕ್ಕದ ಮನೆಯಾಕೆ, ಎಲ್ಲರೂ ಒಳಗೆ. ಬೆಂಕಿ ಹಚ್ಚುವಂತಿಲ್ಲ ಎಂದು ಒಲೆಯನ್ನೂ ಆರಿಸಿಬಿಟ್ಟರು.

“ನಿಮ್ಮ ಮಾವನ ಊಟಕ್ಕೆ ನನ್ನ ವ್ಯಾಪಾರ ಹಾಳು ಮಾಡಿದ್ರಲ್ಲ,” ಎಂದಳು ಕ್ಯಾಂಟೀನಿನ ಅಕ್ಕ. ತಾತ ಅರ್ಧ ಹೆಣೆದ ಬಲೆಯನ್ನು ಒಮ್ಮೆ, ಸೀಟಿಯಣ್ಣನ ತಲೆಯನ್ನು ಒಮ್ಮೆ ಅಳತೆ ಮಾಡುವವನಂತೆ ನೋಡಿದ.

ದಾರಿ ತೋರಿಸಿದವನು ಕ್ರೇನಿನವನು. ವಲಯ ಇರುವುದು ಹಡಗಿನ ಸುತ್ತ ತಾನೇ? ಹಡಗನ್ನೇ ಎಳೆದು ಬೇರೆ ಕಡೆ ಕಟ್ಟಿದರೆ ವಲಯವೂ ಅದರ ಹಿಂದೆ ಹೋಗುತ್ತದೆ, ಇಲ್ಲಿರುವವರು ತಮ್ಮಷ್ಟಕ್ಕೆ ಹೊರಗಾಗುತ್ತಾರೆ. ಇಷ್ಟನ್ನು ಕೇಳಿದ್ದೇ ಸೀಟಿಯಣ್ಣ ಅವನನ್ನು ತಬ್ಬಿಕೊಂಡ. ಹಗ್ಗದ ಅಂಚಿಗೆ ಓಡಿ ಅಧಿಕಾರಿಯನ್ನು ಬೇಡಿಕೊಂಡ. ಹನ್ನೊಂದು ವರ್ಷದ ಕತೆಯನ್ನೆಲ್ಲ ಹೇಳಿದ, ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರೂ ಬಂತು.

“ಎಲ್ಲಿಗಾದ್ರೂ ಸಾಗ್ಸಿ ಸಾರ್. ಒಟ್ಟಿನಲ್ಲಿ ಇಲ್ಲಿಂದ ಹೋದ್ರೆ ಸಾಕು.”

ಅಧಿಕಾರಿಗೂ ಮನೆಯಲ್ಲಿ ಮಾವ ಇದ್ದಿರಬೇಕು, ಕರಗಿದರು. ಹಡಗನ್ನು ಹೇಗೂ ನಾಳೆ ಸಾಗಿಸಬೇಕಿತ್ತು, ಇವತ್ತೇ ಆಗಲಿ ಎಂದರು. ಹಡಗು ಎಳೆಯುವ ಟಗ್ ದೋಣಿ ಬಂತು, ಹಡಗಿನ ಬಾಲಕ್ಕೆ ಹಗ್ಗ ಕಟ್ಟಿತು. ತೂತುಮೂಗಿನ ಹಡಗು ಮೆಲ್ಲಗೆ ಧಕ್ಕೆ ಬಿಟ್ಟು ಸರಿಯಿತು. ನೂರು ಮೀಟರು ದಾಟಿದ್ದೇ ಅಧಿಕಾರಿ ಮೈಕಿನಲ್ಲಿ ಈ ಜಾಗ ಈಗ ವಲಯವಲ್ಲ ಎಂದರು. ಇದ್ದವರೆಲ್ಲರ ಅಂಗಾಲನ್ನೂ ಮೂಸಿ ನೋಡಿ ಕಳಿಸಿದರು. ಸಾಲಿನಲ್ಲಿ ಸೀಟಿಯಣ್ಣನ ಸರದಿ ಕೊನೆಗೆ ಬಂತು, ಎಲ್ಲರೂ ಅವನ ಮೇಲಿನ ಸಿಟ್ಟಿಗೆ ಮುಂದೆ ನುಗ್ಗಿದ್ದರು. ಬದಲಿಯವನು ಆಗಲೇ ಕೆಲಸದವರ ಜೊತೆ ಕಂಬ, ಹಗ್ಗ ತುಂಬಿದ ಜೀಪಿನಲ್ಲಿ ಹಡಗಿನ ಹಿಂದೆ ಹೊರಟುಹೋಗಿದ್ದ.

ಸೀಟಿಯಣ್ಣ ಓಡಿದ. ಗೋದಾಮುಗಳ ಸಂದಿ ದಾಟಿ, ಉಪ್ಪು ಮೂಟೆಗಳನ್ನು ಹಾರಿ, ಟೊಪ್ಪಿ ಬಿದ್ದರೂ ತಿರುಗಿ ನೋಡದೆ ಓಡಿದ. ದಾರಿಯುದ್ದಕ್ಕೂ ಕಿವಿಯಲ್ಲಿ ಒಂದೇ ಮಾತು. ಅಳಿಯಂದಿರೇ ಬನ್ನಿ, ಅಳಿಯಂದಿರೇ ಕೂತ್ಕೊಳ್ಳಿ. ನೌಕರರ ಮನೆಗಳ ಸಾಲಿಗೆ ತಿರುಗಿದ್ದೇ ಬಂದರಿನ ಗಡಿಯಾರ ಒಂದು ಹೊಡೆಯಿತು. ಅವನ ಹೊಟ್ಟೆಗೆ ಕೆಂಪು ಹಗ್ಗ ತಾಗಿತು.

ತಲೆಯೆತ್ತಿ ನೋಡಿದ. ಮನೆಯ ಎದುರಿನ ರಿಪೇರಿ ಧಕ್ಕೆಯಲ್ಲಿ ಅದೇ ಹಡಗು, ಅದೇ ತೂತು. ಒಡೆದ ಹಡಗು ರಿಪೇರಿ ಧಕ್ಕೆಗಲ್ಲದೆ ಇನ್ನೆಲ್ಲಿಗೆ ಹೋಗುತ್ತದೆ? ಹನ್ನೊಂದು ವರ್ಷ ದಿನಾ ಸುತ್ತಿಗೆ ಸದ್ದು ಕೇಳಿದವನಿಗೆ ಇದು ಹೊಳೆಯಲಿಲ್ಲವಲ್ಲ! ಇರುಳು ಕಂಡ ಬಾವಿಗೆ ಹಗಲು ಬಿದ್ದಿದ್ದ. ಹಗ್ಗದ ಒಳಗೆ ಅವನ ಮನೆ, ಹೊರಗೆ ಬದಲಿ ಕಾವಲುಗಾರ.

“ಒಳಗೆ ಹೋಗೋ ಹಾಗಿಲ್ಲ ಅಣ್ಣ,” ಎಂದ ಅವನು, ನಿಜವಾಗಿಯೂ ಬೇಸರದಿಂದ.

ಬಾಗಿಲಲ್ಲಿ ಹೆಂಡತಿ ಸೌಟು ಹಿಡಿದು ನಿಂತಿದ್ದಳು. ಮಧ್ಯಾಹ್ನದ ಹೊತ್ತಿಗೆ ಮನೆ ಮುಂದೆ ಈ ಹಡಗು ತರಿಸಿದ ಪುಣ್ಯಾತ್ಮ ಯಾರು ಎಂದು ಕೇಳುತ್ತಿದ್ದಳು. ಸೀಟಿಯಣ್ಣನ ಹಿಂದೆಯೇ ತಮಾಷೆ ನೋಡಲು ಬಂದಿದ್ದ ಕ್ರೇನಿನವನು, ಸ್ನೇಹಿತನಿಗೆ ಒಳ್ಳೆಯ ಹೆಸರು ಬರಲಿ ಎಂದು, ಎಲ್ಲ ಇವರೇ ಬೇಡಿಕೊಂಡು ಮಾಡಿಸಿದ್ದು ಎಂದು ಗಟ್ಟಿಯಾಗಿ ಹೇಳಿದ. ಹೆಂಡತಿ ಸೌಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

ಇನ್ನೊಂದು ಜೀಪಿನಲ್ಲಿ ಬಂದಿಳಿದ ಅಧಿಕಾರಿ ಸೀಟಿಯಣ್ಣನ ಮುಖ ನೋಡಿ ಮರುಗಿದರು. ಮನೆಯ ಯಜಮಾನ ಎಂದರೆ ಅಗತ್ಯದ ವ್ಯಕ್ತಿಯೇ, ಆದ್ದರಿಂದ ಅನುಮತಿ ಕೊಟ್ಟಿದ್ದೇನೆ, ಹೋಗಿ ಊಟ ಮಾಡಿ ಎಂದರು. ಬದಲಿಯವನು ಹಗ್ಗ ಮೇಲೆತ್ತಿದ. ಸೀಟಿಯಣ್ಣ ತಲೆ ಬಗ್ಗಿಸಿ ನುಸುಳಬೇಕು, ಅಷ್ಟರಲ್ಲಿ ಮನೆಯಿಂದ ಮಾವ ಹೊರಬಂದರು. ಬಂದವರೇ ಬಲಗೈ ಅಡ್ಡ ಚಾಚಿದರು, ಕೆಂಪು ಬಾವುಟ ಹಿಡಿದು ರೈಲು ನಿಲ್ಲಿಸುವವರಂತೆ.

“ನಿಲ್ಲಿ ಅಳಿಯಂದಿರೇ.”

ಸೀಟಿಯಣ್ಣ ಬಗ್ಗಿದಲ್ಲೇ ನಿಂತ. ತಾನು ಕೇಳಿದ್ದು ನಿಜವೋ ಸುಳ್ಳೋ ಎಂದು ಬದಲಿಯವನ ಮುಖ ನೋಡಿದ. ಅವನೂ ತಲೆಯಾಡಿಸಿದ.

“ಗಡಿಯಾರ ಒಂದು ಹೊಡೆದಾಗ ನೀವು ಹಗ್ಗದ ಹತ್ರ ಇದ್ರಿ. ಕಿಟಕಿಯಿಂದ ನಾನೇ ನೋಡ್ದೆ,” ಎಂದರು ಮಾವ. “ಹಸಿದ ಹೊಟ್ಟೆ, ಎದುರಿಗೇ ಸ್ವಂತ ಮನೆ, ಆದ್ರೂ ನಿಯಮ ಅಂತ ಆಚೆಗೇ ನಿಂತ್ರಲ್ಲ, ನನ್ನ ಸರ್ವೀಸಿನಲ್ಲೇ ಇಂಥ ಮನುಷ್ಯನ್ನ ನೋಡಿಲ್ಲ. ಹನ್ನೊಂದು ವರ್ಷ ನಾನು ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ. ಈಗ ಯಾರೋ ಬಿಡ್ತೀನಿ ಅಂದ ಮಾತ್ರಕ್ಕೆ ನೀವು ನಿಯಮ ಮುರೀಬಾರದು.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದು ಸೀಟಿಯಣ್ಣನಿಗೆ ಆಗ ಅರ್ಥವಾಯಿತು. ಒಳಗೆ ಹೋದರೆ ಊಟ ಸಿಗುತ್ತದೆ, ಅಳಿಯ ಹೋಗುತ್ತಾನೆ. ಹೊರಗೆ ನಿಂತರೆ ಅಳಿಯ ಉಳಿಯುತ್ತಾನೆ, ಊಟ ಹೋಗುತ್ತದೆ. ಅವನು ಮೆಲ್ಲಗೆ ಹಗ್ಗದ ಕೆಳಗಿನಿಂದ ತಲೆ ಹಿಂದಕ್ಕೆ ತೆಗೆದುಕೊಂಡ. ತಟ್ಟೆಯನ್ನಾದರೂ ಹಗ್ಗದಾಚೆ ದಾಟಿಸಬಹುದೇ ಎಂದು ಹೆಂಡತಿ ಕೇಳಿದಳು. ಮಾವ, ಬದಲಿಯವನು, ಅಧಿಕಾರಿ ಮೂವರೂ ಚರ್ಚಿಸಿ, ವಲಯದೊಳಗಿನ ಅನ್ನವೂ ಪರೀಕ್ಷೆಯಿಲ್ಲದೆ ಹೊರಗೆ ಹೋಗುವಂತಿಲ್ಲ ಎಂದು ತೀರ್ಮಾನಿಸಿದರು.

ತೂತು ಮುಚ್ಚಲು ಎಷ್ಟು ದಿನ ಬೇಕು ಎಂದು ಮಾವ ವಿಚಾರಿಸಿದರು. ಒಂದು ತಿಂಗಳಾದರೂ ಆಗಬಹುದು ಎಂದರು ಅಧಿಕಾರಿ. ಸಂಜೆಯ ರೈಲು ಹಿಡಿಯಬೇಕಿದ್ದ ಮಾವ, ಅಲ್ಲಿಯತನಕ ತಾವೂ ಹೊರಗೆ ಕಾಲಿಡುವುದಿಲ್ಲ, ಅಳಿಯನಿಗೊಂದು ನಿಯಮ ಮಾವನಿಗೊಂದು ನಿಯಮ ಇರಬಾರದು ಎಂದು ಘೋಷಿಸಿದರು. ಷಡ್ಡಕ ಕೈಯಲ್ಲಿ ತಟ್ಟೆ ಹಿಡಿದೇ ಕಿಟಕಿಗೆ ಬಂದು, ಹಾಗಾದರೆ ಸೀಟಿಯಣ್ಣನ ಪಾಲಿನ ಸಿಹಿ ಹಾಳಾಗುವುದು ಬೇಡ ಎಂದು ಹೇಳಿ ಒಳಗೆ ಹೋದ.

ಮಾವ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಹಗ್ಗದಾಚೆ ನಿಂತಿದ್ದ ಸೀಟಿಯಣ್ಣನನ್ನು ಮನಸಾರೆ ನೋಡಿದರು.

“ತಿನ್ನೋಕೆ ಒಬ್ಬ ಅಳಿಯ ಒಳಗಿದ್ದಾನೆ, ಬಿಡಿ. ಹೊರಗೆ ನಿಂತು ಕಾಯೋಕೆ ಇಂಥ ಅಳಿಯ ಒಬ್ಬ ಬೇಕಾಗಿತ್ತು ನನಗೆ. ಸ್ವಲ್ಪ ಎಡಕ್ಕೆ ಸರಿದು ನಿಲ್ಲಿ ಅಳಿಯಂದಿರೇ, ಹಗ್ಗಕ್ಕೆ ತಾಗ್ತಿದ್ದೀರಿ.”

ಸೀಟಿಯಣ್ಣ ಎಡಕ್ಕೆ ಸರಿದು ನಿಂತ.