ಬೆಟ್ಟದ ಕಾಫಿ ಕೊಳ್ಳಲು ಹೋದವಳು

ಕಾಫಿ ಕೊಳ್ಳುವುದು ಗಂಭೀರವಾದ ಕೆಲಸ. ನಾನೂ ಗಂಭೀರವಾಗಿಯೇ ಮಾಡುತ್ತೇನೆ. ಆದರೂ ಬೆಟ್ಟ ಹತ್ತಿದಾಗೆಲ್ಲ ಏನಾದರೊಂದು ಆಗಿಯೇ ತೀರುತ್ತದೆ. ಆಗುವಾಗ ಎದೆ ಒಡೆದಂತಾಗುತ್ತದೆ. ಇಳಿದು ಬಂದು ಯಾರಿಗಾದರೂ ಹೇಳಿದರೆ ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ನಾನು ದಾವಣಗೆರೆಯವಳು. ಓದಲು ಕೊಯಮತ್ತೂರಿಗೆ ಬಂದು, ಗಣಪತಿ ಬಡಾವಣೆಯ ಒಂದು ಚಿಕ್ಕ ಕಾಫಿ ಕಂಪನಿಯಲ್ಲಿ ಕೆಲಸಕ್ಕೆ ನಿಂತೆ. ವಾಲ್ಪಾರೈ ಬೆಟ್ಟದ ಒಳಗೊಂದು ಹಾಡಿಯಿದೆ. ಅಲ್ಲಿಯ ಹೆಂಗಸರು ಕಾಡಿನ ನೆರಳಲ್ಲಿ ಕಾಫಿ ಬೆಳೆಯುತ್ತಾರೆ. ಮೊದಲೆಲ್ಲ ಹಸಿರು, ಹಳದಿ, ಕೆಂಪು ಎಲ್ಲವನ್ನೂ ಒಟ್ಟಿಗೆ ಬಾಚಿ ಕಿತ್ತು, ಬಂದ ವ್ಯಾಪಾರಿಗೆ ಕೊಟ್ಟುಬಿಡುತ್ತಿದ್ದರು. 'ಕೆಂಪು ಹಣ್ಣನ್ನಷ್ಟೇ ಕೀಳಿ, ನಿಮ್ಮ ಕಾಫಿ ನಿಮ್ಮ ಹಾಡಿಯ ಹೆಸರಲ್ಲೇ ಮಾರಾಟವಾಗುವ ಹಾಗೆ ಮಾಡುತ್ತೇನೆ' ಎಂದು ಮಾತು ಕೊಟ್ಟವಳು ನಾನು. ಹಣ್ಣಾಗಲಿ ಎಂದು ಗಿಡದಲ್ಲಿ ಬಿಟ್ಟರೆ ಕಾಡುಪ್ರಾಣಿಗಳಿಗೂ ಪಾಲು ಹೋಗುತ್ತದೆ. ಅದು ಗೊತ್ತಿದ್ದೂ ಅವರು ಒಪ್ಪಿದರು. ಆ ವರ್ಷ ವ್ಯಾಪಾರಿಯನ್ನು ಬರಿಗೈಯಲ್ಲಿ ಕಳಿಸಿದರು.

ಬೈಗುಳ

ಹಾಡಿಯ ಹೆಂಗಸರ ಸಂಘಕ್ಕೆ ಮುಖ್ಯಸ್ಥೆ ಒಬ್ಬ ವಯಸ್ಸಾದ ಹೆಂಗಸು. ಎಲ್ಲರೂ ಪೆರಿಯಮ್ಮ ಅನ್ನುತ್ತಿದ್ದರು, ದೊಡ್ಡಮ್ಮ ಅಂತ. ಮೊದಲ ಕೊಯ್ಲಿನ ದಿನ ಹೆಂಗಸರೆಲ್ಲ ಬುಟ್ಟಿಗಳನ್ನು ನನ್ನ ಮುಂದೆ ಸುರಿದರು. ಅರ್ಧಕ್ಕರ್ಧ ಹಸಿರು ಕಾಯಿ. ಆಗ ನನಗೆ ತಮಿಳಿಗಿಂತ ತಮಿಳು ಬರುತ್ತದೆಂಬ ಧೈರ್ಯವೇ ಜಾಸ್ತಿ ಇತ್ತು. ಕನ್ನಡದ ಮಾತಿಗೇ ಒಂಚೂರು ತಮಿಳಿನ ರಾಗ ಹಚ್ಚಿ, "ಇದೆಲ್ಲಾಂ ಕೆಟ್ಟಿ" ಎಂದೆ.

ಅವರ ಮುಖ ಅರಳಿತು. ಮರುದಿನ ಅಂಥದೇ ಕಾಯಿಯನ್ನು ಇನ್ನೂ ಹೆಚ್ಚು ತಂದರು. ನನಗೆ ಅಳು ಬರುವಂತಾಯಿತು. ದನಿ ಎತ್ತರಿಸಿ, "ರೊಂಬ ಕೆಟ್ಟಿ! ಪೂರಾ ಕೆಟ್ಟಿ!" ಅಂದೆ. ಒಬ್ಬಾಕೆ ಸಂತೋಷ ತಡೆಯಲಾರದೆ ನನ್ನ ಕೈ ಹಿಡಿದುಕೊಂಡಳು.

ನಮ್ಮ ಜೀಪಿನ ಡ್ರೈವರ್ ಕೊಯಮತ್ತೂರಿನ ಬಳಿಯ ಅನ್ನೂರಿನವನು. ನೇಕಾರರ ಮನೆ, ತಲೆತಲಾಂತರದಿಂದ ಅಲ್ಲೇ ಇರುವ ಕನ್ನಡದವರು. ಅವನು ಓಡಿಬಂದ. "ಅಕ್ಕಾ, ನಿಲ್ಸಿ! ತಮಿಳಲ್ಲಿ ಕೆಟ್ಟಿ ಅಂದ್ರೆ ಗಟ್ಟಿ, ಶಭಾಷ್ ಅಂತ. ನೆನ್ನೆಯಿಂದ ನೀವು ಹೊಗಳ್ತಾನೇ ಇದೀರ!"

ಅವನೇ ಅವರಿಗೂ ವಿಷಯ ತಿಳಿಸಿದ. ಎಳೆಗಾಯಿಯನ್ನು ಮತ್ತೆ ಗಿಡಕ್ಕೆ ಅಂಟಿಸಲಾಗುತ್ತದೆಯೇ? ಎಲ್ಲರೂ ಒಟ್ಟಿಗೆ ಕೂತು, ಕೆಂಪನ್ನೂ ಹಸಿರನ್ನೂ ಬೇರೆ ಮಾಡಿದೆವು. ಹೊತ್ತು ಇಳಿಯುವ ಹೊತ್ತಿಗೆ ಪೆರಿಯಮ್ಮ ತಲೆಯೆತ್ತಿದರು.

"ಬೈಯೋದಾದ್ರೆ ನಮ್ಮ ಭಾಷೇಲಿ ಬೈಯಮ್ಮ. ನೀನು ಬೈದಷ್ಟೂ ನಾವು ಖುಷಿಯಿಂದ ಕಿತ್ತುಬಿಟ್ವಿ."

ಪಂಪಿನವರ ಯಂತ್ರ

ಹಣ್ಣನ್ನು ಕಿತ್ತ ದಿನವೇ ಸಿಪ್ಪೆ ಬಿಡಿಸಬೇಕು. ಅದಕ್ಕೊಂದು ಯಂತ್ರ ಬೇಕಿತ್ತು. ನಮ್ಮ ಮಾಲೀಕರು ಮೂರು ತಲೆಮಾರಿನಿಂದ ನೀರೆತ್ತುವ ಪಂಪು ಮಾಡುವ ಮನೆತನದವರು. "ಹೊರಗಿಂದ ಯಾಕೆ? ನಮ್ಮ ವರ್ಕ್‌ಶಾಪಿನಲ್ಲೇ ಮಾಡಿಸ್ತೀನಿ" ಎಂದು ತಾವೇ ನಿಂತು ಮಾಡಿಸಿ, ಬೆಟ್ಟಕ್ಕೂ ಹೊತ್ತು ತಂದರು. ಯಂತ್ರಕ್ಕೆ ಅರಿಸಿನ ಕುಂಕುಮ ಇಟ್ಟು ಪೆರಿಯಮ್ಮ ಮೊದಲ ಬೊಗಸೆ ಹಣ್ಣು ಹಾಕಿದರು. ಮಾಲೀಕರು ಸ್ವಿಚ್ ಒತ್ತಿದರು.

ಹಣ್ಣು ಕೆಳಗೆ ಬರಲಿಲ್ಲ. ಪಟಪಟನೆ ಸಿಡಿದು, ನಮ್ಮ ತಲೆಗಳ ಮೇಲಿಂದ ಹಾರಿ ಸಮುದಾಯ ಭವನದ ಸೂರಿನ ಮೇಲೆ ಬಿತ್ತು. ಎಲ್ಲಿದ್ದವೋ ಕೋತಿಗಳು, ಊಟಕ್ಕೆ ಕರೆದವರಂತೆ ಬಂದು ಕೂತವು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಾಲೀಕರು ಮಾತ್ರ ಸೊಂಟದ ಮೇಲೆ ಕೈಯಿಟ್ಟು ಸೂರನ್ನೇ ನೋಡುತ್ತಿದ್ದರು. ಮುಖದಲ್ಲಿ ಒಂದಿಷ್ಟೂ ಬೇಸರವಿಲ್ಲ.

"ನೋಡಿದೆಯಾ," ಎಂದರು, "ಎಷ್ಟು ಎತ್ತರಕ್ಕೆ ಎತ್ತಿತು!"

ಅನ್ನೂರಿನಲ್ಲಿ ಊಟ

ಮೋಟರನ್ನು ತಗ್ಗಿಸಿದ ಮೇಲೆ ಯಂತ್ರ ದಾರಿಗೆ ಬಂತು. ಆಮೇಲೆ ಕಿತ್ತ ಕೆಂಪು ಹಣ್ಣು ಅದರಲ್ಲಿ ಸಿಪ್ಪೆ ಬಿಟ್ಟು, ಒಣಗಿ, ತಿಳಿಹಸಿರು ಬೀಜವಾಯಿತು. ಅದರಲ್ಲೂ ಒಂದೊಂದೇ ಆರಿಸಿ ಒಂದು ಚೀಲ ತುಂಬಿದೆವು. ಬೆಂಗಳೂರಿನ ದೊಡ್ಡ ಖರೀದಿದಾರರೊಬ್ಬರು ಅದನ್ನು ತಾವೇ ಹದವಾಗಿ ಹುರಿದು, ರುಚಿ ನೋಡಿ ಒಪ್ಪಿದರೆ ಹಾಡಿಯ ಇಡೀ ಬೆಳೆ ಅವರದು. ಚೀಲವನ್ನು ನಾನೇ ಮಡಿಲಲ್ಲಿಟ್ಟುಕೊಂಡು ಜೀಪಿನಲ್ಲಿ ಬೆಂಗಳೂರಿಗೆ ಹೊರಟೆ.

ಅನ್ನೂರು ದಾರಿಯಲ್ಲೇ ಸಿಗುತ್ತದೆ. "ನಮ್ಮ ಅಮ್ಮನ ಕೈ ಊಟ ಮಾಡ್ದೆ ಹೋಗೋ ಹಾಗಿಲ್ಲ" ಅಂದ ಡ್ರೈವರ್. ಅವರಮ್ಮ ಬಾಗಿಲಲ್ಲೇ ನನ್ನ ಗಲ್ಲ ಸವರಿ, "ಬಾ ಕಣ್ಣು, ಕನ್ನಡದ ಮಗು, ಎಷ್ಟು ಎಳೈಚ್ಚು ಹೋಗಿದೀಯ" ಎಂದು ಮರುಗಿದರು, ಸೊರಗಿಹೋಗಿದ್ದೀಯ ಅಂತ. ಊರು ಬಿಟ್ಟ ಮೇಲೆ ಅಷ್ಟು ಅಕ್ಕರೆಯ ಕನ್ನಡ ನನ್ನ ಕಿವಿಗೆ ಬಿದ್ದಿರಲಿಲ್ಲ. ಹೊಟ್ಟೆ ತುಂಬ ಉಂಡೆ. ಮಗ್ಗದ ಕೋಣೆಯ ತಂಪಿಗೆ ಕಣ್ಣು ಎಳೆಯಿತು.

ಎದ್ದಾಗ ಮನೆಯೆಲ್ಲ ಹುರಿದ ಕಾಫಿಯ ಘಮ. ಜಗಲಿಯ ಮೇಲೆ ಅಕ್ಕಪಕ್ಕದ ಮನೆಯವರೆಲ್ಲ ಲೋಟ ಹಿಡಿದು ಕೂತಿದ್ದಾರೆ. ನನ್ನ ಚೀಲ ಒಗೆದು ತಂತಿಯ ಮೇಲೆ ಒಣಗುತ್ತಿದೆ.

"ಅಮ್ಮಾ, ಆ ಬೀಜ?" ಅಂದೆ. ದನಿ ನನ್ನದೇ ಅನ್ನಿಸಲಿಲ್ಲ.

"ಪಾವ, ಯಾರೋ ನಿನ್ನ ಚೆನ್ನಾಗಿ ಏಮಾತ್ತಿದಾರೆ ಕಣ್ಣು," ಎಂದರು ಅವರಮ್ಮ. ಏಮಾತ್ತುವುದು ಅಂದರೆ ಮೋಸ ಮಾಡುವುದು. "ಹುರೀದೇ ಪಚ್ಚೆ ಬೀಜ ಕೊಟ್ಟು ಕಳ್ಸಿದಾರೆ. ಅಷ್ಟನ್ನೂ ನಾನೇ ಕಪ್ಪಗೆ ಹುರಿದುಕೊಟ್ಟೆ."

ಮಗ ತಲೆಯ ಮೇಲೆ ಕೈಹೊತ್ತು ಮೂಲೆಯಲ್ಲಿ ಕೂತಿದ್ದ. ಅವನಿಗೂ ನಿದ್ದೆ ಹತ್ತಿ, ಎಚ್ಚರಾಗುವಷ್ಟರಲ್ಲಿ ಎಲ್ಲ ಮುಗಿದಿತ್ತಂತೆ. ಅವರಮ್ಮ ನನಗೂ ಒಂದು ಲೋಟ ತಂದು ಕೈಗಿಟ್ಟು, ತಗ್ಗಿದ ದನಿಯಲ್ಲಿ ಹೇಳಿದರು:

"ಬೀಜ ಅಂಥಾ ಒಸತ್ತಿ ಏನಲ್ಲ, ಮಟ್ಟ ಕಮ್ಮಿನೇ. ಚಿಕೋರಿ ಹಾಕಿ ಕಾಪಾಡ್ದೆ."

ಅತಿಥಿಯ ತಮಿಳು

ಚೀಲ ಹೋಯಿತೆಂದು ಫೋನು ಮಾಡಿದೆ. ಖರೀದಿದಾರರು ನಕ್ಕು, "ಹಾಗಾದರೆ ನಾನೇ ಬರ್ತೀನಿ" ಎಂದರು. ಉಳಿದ ಬೆಳೆ ಒಣಗಿದ ಮೇಲೆ ಬಂದರು. ಉತ್ತರ ಭಾರತದವರು, ಬಹಳ ಸಭ್ಯರು. ಹಾಡಿಯವರ ಜೊತೆ ಅವರ ಮಾತಲ್ಲೇ ನಾಲ್ಕು ಮಾತಾಡಬೇಕೆಂದು ದಾರಿಯುದ್ದಕ್ಕೂ ಫೋನು ನೋಡಿ ತಮಿಳು ಕಲಿತರು.

ಸಮುದಾಯ ಭವನದ ಮುಂದೆ ಮೇಜು ಹಾಕಿ ಬಟ್ಟಲುಗಳನ್ನಿಟ್ಟೆ. ಇಡೀ ಹಾಡಿ ಸುತ್ತ ನಿಂತಿತ್ತು. ವರ್ಷದ ದುಡಿಮೆ ಆ ಬಟ್ಟಲಲ್ಲಿತ್ತು. ವ್ಯಾಪಾರಿ ಮತ್ತೆ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಪೆರಿಯಮ್ಮ ಹೊಸ ಸೀರೆಯುಟ್ಟು, ಮದುವೆಗೆ ಹೆಣ್ಣು ತೋರಿಸುವ ತಾಯಿಯಂತೆ ಕೈಕಟ್ಟಿ ನಿಂತಿದ್ದರು.

ಅತಿಥಿ ಚಮಚದಲ್ಲಿ ತೆಗೆದುಕೊಂಡು ಸೊರ್ರನೆ ಹೀರಿದರು. ಕಣ್ಣು ಮುಚ್ಚಿದರು. ತೆರೆದಾಗ ಕಣ್ಣು ಹೊಳೆಯುತ್ತಿತ್ತು. ಒಳ್ಳೆಯ ಕಾಫಿಯಲ್ಲಿ ಕಿತ್ತಳೆಯಂಥ ಒಂದು ನವಿರಾದ ಹುಳಿಯಿರುತ್ತದೆ. ನಮ್ಮ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಹುಳಿಗೆ ತಮಿಳಿನಲ್ಲಿ ಪುಳಿ. ಪಾಪ, ಅವರ ನಾಲಿಗೆಗೆ 'ಳ' ಹೊರಳಲಿಲ್ಲ. ಬಟ್ಟಲಿನತ್ತ ಕೈ ಚಾಚಿ ಕೂಗಿದರು:

"ಪುಲಿ! ರೊಂಬ ಪುಲಿ!"

ಪುಲಿ ಅಂದರೆ ಹುಲಿ.

ಅವರ ಕೈ ತೋರಿದ ಕಡೆಯೇ ಕಾಡಿತ್ತು. ಮರುಕ್ಷಣ ಅಂಗಳದಲ್ಲಿ ಒಬ್ಬರಿಲ್ಲ. ತಾಯಂದಿರು ಮಕ್ಕಳನ್ನು ಬಾಚಿಕೊಂಡು ಭವನದೊಳಗೆ ನುಗ್ಗಿದರು. ನನ್ನನ್ನು ಯಾರು ಎಳೆದುಕೊಂಡರೋ ತಿಳಿಯದು. ಬಾಗಿಲಿಗೆ ಅಗುಳಿ ಬಿತ್ತು. ಒಳಗೆ ಕತ್ತಲು, ಬರೀ ಉಸಿರಿನ ಸದ್ದು. ಅದು ನಗುವ ವಿಷಯವಲ್ಲ. ಹಿಂದೊಮ್ಮೆ ಟೀ ತೋಟದಲ್ಲಿ ಸೊಪ್ಪು ಕೀಳುವಾಗ ಚಿರತೆ ಪೆರಿಯಮ್ಮನ ಹೆಗಲಿಗೆ ಹಾರಿತ್ತು. ಆ ತೋಳು ಇವತ್ತಿಗೂ ಪೂರ್ತಿ ಮೇಲೇಳುವುದಿಲ್ಲ.

"ಆ ಮನುಷ್ಯ ಎಲ್ಲಿ?" ಎಂದರು ಪೆರಿಯಮ್ಮ.

ಆ ಮನುಷ್ಯ ಹೊರಗೇ ಇದ್ದರು. ಬೇಡ ಬೇಡವೆಂದು ಎಲ್ಲರೂ ಸೆರಗು ಹಿಡಿದೆಳೆದರೂ ಕೇಳದೆ, ಪೆರಿಯಮ್ಮ ಅಗುಳಿ ತೆಗೆದು ಹೊರಗೆ ನಡೆದರು. ಚಮಚ ಹಿಡಿದು ಕಕ್ಕಾಬಿಕ್ಕಿಯಾಗಿ ನಿಂತಿದ್ದ ಅತಿಥಿಯನ್ನು ತಮ್ಮ ಸರಿಯಿದ್ದ ಕೈಯಲ್ಲಿ ದರದರ ಎಳೆದು ತಂದು, ಒಳಗೆ ತಳ್ಳಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

"ಎಲ್ಲಿ ನೋಡಿದ್ರಿ?" ಎಂದು ನಾನು ಪಿಸುಗುಟ್ಟಿದೆ.

"ಏನನ್ನ?"

"ಹುಲೀನ!"

"ನಾನು ಹುಲಿ ಅನ್ನಲಿಲ್ಲವಲ್ಲ. ಕಾಫಿ ಚೆನ್ನಾಗಿದೆ ಅಂದೆ."

ನನಗೆ ತಟ್ಟನೆ ಹೊಳೆಯಿತು. ಕತ್ತಲಲ್ಲೇ ಎಲ್ಲರಿಗೂ ಬಿಡಿಸಿ ಹೇಳಿದೆ. ಯಾರೋ ಕಿಸಕ್ಕೆಂದರು. ಆಮೇಲೆ ಭವನವೇ ಹಾರಿಹೋಗುವಂಥ ನಗು. ಅತಿಥಿ ಮಾತ್ರ ನಗಲಿಲ್ಲ. ಹುಲಿಯಿದೆಯೆಂದು ತಿಳಿದೂ ತನಗಾಗಿ ಬಾಗಿಲು ತೆರೆದು ಬಂದ ಹೆಂಗಸಿನ ಮುಂದೆ ಕೈಮುಗಿದು ನಿಂತುಬಿಟ್ಟರು. ಕಣ್ಣಲ್ಲಿ ನೀರಿತ್ತು. ಇಡೀ ಬೆಳೆ ತಮಗಿರಲಿ, ಚೀಲದ ಮೇಲೆ ಹಾಡಿಯ ಹೆಸರೇ ಇರಲಿ ಎಂದರು. ನಾನು ಅದನ್ನು ತಮಿಳಿಗೆ ತಿರುಗಿಸಿದೆ. ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಪೆರಿಯಮ್ಮ ನೆಲದ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಅತಿಥಿಯನ್ನೊಮ್ಮೆ ನೋಡಿದರು. ಆಮೇಲೆ ನನ್ನನ್ನು ಹತ್ತಿರ ಕರೆದರು.

"ಒಳ್ಳೆ ಮನುಷ್ಯ. ನಮ್ಮ ಕಾಫಿ ಎಷ್ಟು ಬೇಕಾದ್ರೂ ಕುಡೀಲಿ," ಎಂದರು. "ಆದ್ರೆ ಆ ಅಕ್ಷರ ಬಾಯಿಗೆ ಬರೋವರೆಗೂ, ಬಾಯಿ ಮುಚ್ಕೊಂಡು ಕುಡಿಯೋಕೆ ಹೇಳು."