ಗಂಡಸರ ಸೊಂಟದ ಬಲ ಕಾಯುವ ಬಗ್ಗೆ

ಮಿತ ಸಂತಾನ ಇಲಾಖೆ
(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ)

ಸಂಖ್ಯೆ: ಮಿಸಂಇ/ಸೊಂಟ/00/2024-25
ದಿನಾಂಕ: 28-03-2025

ವಿಷಯ: ಕುಟುಂಬ ಯೋಜನೆಯಲ್ಲಿ ಪಾಲ್ಗೊಳ್ಳುವ ಗಂಡಸರ ಸೊಂಟಕ್ಕೆ ಧಕ್ಕೆಯಾಗದಂತೆ ಕ್ರಮ ವಹಿಸುವ ಕುರಿತು.

ಉಲ್ಲೇಖ:
1) ಸದಲಗಾ ಬಳಿ ಕುರಿ ಕಾಯುವ ಶ್ರೀಮತಿ ಅನುಸೂಯಾ ಅವರ ಅರ್ಜಿ, ದಿ. 12-06-2024: "ಮೂರು ಮಕ್ಳ ಅದಾವ್ರಿ. ಇನ್ನೊಂದು ಹಡದ್ರ ನನ್ನ ಹಾರ್ಟ್ ತಡ್ಯೂದಿಲ್ಲ, ಆಪರೇಶನ್ನೂ ನನಗ ಬ್ಯಾಡ ಅಂತ ಡಾಕ್ಟರ್ ಹೇಳ್ಯಾರ. ನಮ್ಮ ಮನಿಯವ್ರಿಗೆ ಮಾಡ್ರಿ. ನನಗ ಅಂಜಿಕಿ ಆಗೈತ್ರಿ."
2) ಅವರ ಪತಿ ಬಸವಂತ ಅವರ ಹೇಳಿಕೆ: "ನಾ ಕಬ್ಬಿನ ಹೊರಿ ಹೊರಾಂವ್ರಿ. ಸೊಂಟದಾಗಿನ ಶಕ್ತಿ ಹೋದ್ರ ಯಾರ್ ಹೊರ್ತಾರ?"

ಸದರಿ ಪತ್ರಗಳನ್ನು ಇಲಾಖೆಯು ಒಂಬತ್ತು ತಿಂಗಳು ಕೂಲಂಕಷವಾಗಿ ಪರಿಶೀಲಿಸಿದ್ದು, ಎರಡನೆಯದು ಮನಕಲಕುವಂತಿರುವುದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ.

1. ಕುಟುಂಬ ಎಂದರೆ ಗಂಡ, ಅತ್ತೆ, ಮಾವ, ಭಾವ, ಮೈದುನ. ಯೋಜನೆ ಎಂದರೆ ಹೆಂಡತಿ ಮಾಡಿಸಿಕೊಳ್ಳತಕ್ಕದ್ದು. ಸಮಾಜದಲ್ಲಿ ಇವೆರಡೂ ಅದಲುಬದಲಾಗದಂತೆ ಎಚ್ಚರ ವಹಿಸುವುದು.

2. ಗಂಡಸರು ಹೊರುವುದನ್ನು ಮಾತ್ರ ಭಾರವೆಂದು ಪರಿಗಣಿಸತಕ್ಕದ್ದು. ಹೆಂಗಸರು ಹೊರುವ ಮೇವಿನ ಹೊರೆ, ತುಂಬಿದ ಕೊಡ, ಬಸಿರು ಇತ್ಯಾದಿಗಳಿಗೆ ತೂಕವಿರುವುದಿಲ್ಲ.

3. ಗಂಡಸರ ಸಂತಾನಹರಣ ಶಸ್ತ್ರಚಿಕಿತ್ಸಾ ಶಿಬಿರವನ್ನು ಕಬ್ಬಿನ ಹಂಗಾಮು, ದ್ರಾಕ್ಷಿ ಬಳ್ಳಿ ಸವರುವ ಚಾಟಣಿ, ಶ್ರಾವಣ, ಲಗ್ನದ ದಿನಗಳು, ಅಮಾವಾಸ್ಯೆ ಹಾಗೂ ಕೊಲ್ಲಾಪುರದ ಬೀಗರು ಬಂದಿರುವಾಗ ನಡೆಸಕೂಡದು. ಇವನ್ನು ಕಳೆದು ವರ್ಷಕ್ಕೆ ಒಂದು ಮಂಗಳವಾರ ಉಳಿಯುತ್ತಿದ್ದು, ಅಂದು ವೈದ್ಯರು ಸಭೆಗೆ ಹೋಗಿರುತ್ತಾರೆ.

4. ಬರುವವರಿಗೆ ನಾಚಿಕೆಯಾಗದಿರಲು ಶಿಬಿರದ ಫಲಕದಲ್ಲಿ 'ಎಮ್ಮೆಗಳಿಗೆ ಲಸಿಕೆ' ಎಂದು ಬರೆಸತಕ್ಕದ್ದು. ಪ್ರತಿಯೊಬ್ಬರೂ ಒಂದೊಂದು ಎಮ್ಮೆ ಹಿಡಿದು ತರತಕ್ಕದ್ದು. ಕಳೆದ ಶಿಬಿರದಲ್ಲಿ ಹೀಗೆ 41 ಎಮ್ಮೆಗಳಿಗೆ ಲಸಿಕೆ ಹಾಕಲಾಗಿ, ಗಂಡಸರ ಗುರಿ ಪೂರ್ಣಗೊಂಡಿದೆಯೆಂದು ವರದಿ ಸಲ್ಲಿಸಲಾಗಿದೆ.

5. ಗಂಡಸರ ಒಪ್ಪಿಗೆ ಪತ್ರಕ್ಕೆ ಅವರ ತಾಯಿ, ಸೋದರತ್ತೆ ಹಾಗೂ ಜೊತೆಗೆ ಚಹಾ ಕುಡಿಯುವ ನಾಲ್ವರು ಗೆಳೆಯರು ಕನ್ನಡ, ಮರಾಠಿ ಎರಡರಲ್ಲೂ ಸಹಿ ಹಾಕತಕ್ಕದ್ದು. ಹೆಂಗಸರ ಒಪ್ಪಿಗೆಗೆ ಗಂಡನ ಸಹಿ ಸಾಕು, ಆಕೆ ಅಲ್ಲಿರಬೇಕೆಂದಿಲ್ಲ.

6. ಚಿಕಿತ್ಸೆ ಕಾಲು ತಾಸಿನದು, ವಾರ ಕಳೆದರೆ ಹೊರೆ ಹೊರಬಹುದು ಎಂಬ ವೈದ್ಯರ ಅಭಿಪ್ರಾಯವನ್ನು ಗಂಡಸರಿಗೆ ತಿಳಿಸಕೂಡದು. ಗಾಬರಿಯಾಗುತ್ತಾರೆ.

ಬಸವಂತ ಅವರಿಗೆ ಮೇಲ್ಕಂಡ ಎಲ್ಲ ರಿಯಾಯಿತಿ ಮಂಜೂರಾಗಿದ್ದು, ಉಲ್ಲೇಖ (1)ರ ಅರ್ಜಿ ವಿಲೇವಾರಿಯಾಗಿದೆ.

ಸಹಿ/-
(ಮುರಗೆಪ್ಪ)
ಪ್ರಭಾರ ಅಧಿಕಾರಿ, ಸೊಂಟ ವಿಭಾಗ

ಪ್ರತಿಗಳು:
1. ಎಲ್ಲ ಚಹಾ ಅಂಗಡಿಗಳಿಗೆ – ಗಟ್ಟಿಯಾಗಿ ಓದಬಾರದೆಂಬ ಸೂಚನೆಯೊಂದಿಗೆ.
2. ಪಶುವೈದ್ಯರಿಗೆ – ಅಭಿನಂದನೆಗಳೊಂದಿಗೆ.
3. ಶ್ರೀ ಬಸವಂತ ಅವರಿಗೆ – ಸಮಾಧಾನಕ್ಕಾಗಿ.
4. ಅರ್ಜಿದಾರರಾದ ಶ್ರೀಮತಿ ಅನುಸೂಯಾ, ಹೆರಿಗೆ ವಾರ್ಡು, ಹಾಸಿಗೆ ಸಂಖ್ಯೆ 6 – ಮಾಹಿತಿಗಾಗಿ. ಪಡೆಯಲು ಅವರು ಇಲ್ಲದಿದ್ದಲ್ಲಿ ಹಿರಿಯ ಮಗಳ ಕೈಗೆ ಕೊಟ್ಟು ಸಹಿ ಪಡೆಯುವುದು.