ಕೆಂಪು ದೀಪದಲ್ಲಿ ಬಲಕ್ಕೆ

ಬಲಗೈ ಯಾವುದು ಎಂದು ಯಾರಾದರೂ ಥಟ್ಟನೆ ಕೇಳಿದರೆ ನಾನು ಈಗಲೂ ತುತ್ತು ಕಲಸುವವಳ ಹಾಗೆ ಒಮ್ಮೆ ಬೆರಳು ಮಡಚಿ ನೋಡಿಕೊಂಡೇ ಉತ್ತರ ಹೇಳುವುದು. ಇಂಥವಳಿಗೆ ನಡುವಯಸ್ಸಿನಲ್ಲಿ, ಅದೂ ರಿಯಾದಿನಲ್ಲಿ, ಕಾರು ಓಡಿಸುವ ಲೈಸೆನ್ಸ್ ಸಿಕ್ಕಿತೆಂದರೆ ಅದು ಪರೀಕ್ಷೆ ಮಾಡಿದವರ ಔದಾರ್ಯವೇ ಸರಿ. ಮೈಸೂರಿನಲ್ಲಿ ತಮ್ಮನ ಕಾರನ್ನು ಅಷ್ಟಿಷ್ಟು ಓಡಿಸಿದ್ದೆ. ಅಲ್ಲಿ ರಸ್ತೆಯ ಎಡಕ್ಕೆ ಹೋಗಬೇಕು, 'ಫ್ರೀ ಲೆಫ್ಟ್' ಇದ್ದರೆ ಕೆಂಪು ದೀಪವನ್ನು ಮಾತಾಡಿಸದೆ ಎಡಕ್ಕೆ ಹೊರಳಬಹುದು. ಇಲ್ಲಿ ಎಲ್ಲವೂ ಕನ್ನಡಿಯಲ್ಲಿ ಕಂಡ ಹಾಗೆ. ರಸ್ತೆಯ ಬಲಕ್ಕೆ ಹೋಗಬೇಕು, ಸ್ಟೀರಿಂಗ್ ಎಡಗಡೆ, ಇಂಡಿಕೇಟರ್ ಹಾಕಲು ಹೋದರೆ ವೈಪರ್ ಆಡುತ್ತದೆ. ಮಳೆಯೇ ಅಪರೂಪವಾದ ಊರಿನಲ್ಲಿ ನಾನು ತಿರುವಿಗೊಮ್ಮೆ ಗಾಜು ಒರೆಸಿಕೊಂಡು ಹೋಗುವುದನ್ನು ಕಂಡು ನಮ್ಮ ಕಟ್ಟಡದ ಕಾವಲುಗಾರ ಸಲಾಂ ಹೇಳುವುದನ್ನು ಬಿಟ್ಟು ಗೇಟಿನ ಹಿಂದಕ್ಕೆ ಸರಿದು ನಿಲ್ಲುತ್ತಿದ್ದ.

ಇದೆಲ್ಲ ನಿಧಾನಕ್ಕೆ ಅಭ್ಯಾಸವಾಯಿತು. ಬಗೆಹರಿಯದೆ ಉಳಿದದ್ದು ಒಂದೇ: ಕೆಂಪು ದೀಪ ಇರುವಾಗ ಬಲಕ್ಕೆ ತಿರುಗಬಹುದೋ, ಕೂಡದೋ? ಮನೆಯಲ್ಲಿ ನಮ್ಮವರನ್ನು ಕೇಳಿದರೆ, "ಪೂರ್ತಿ ನಿಲ್ಲಿಸು. ಎಡಗಡೆಯಿಂದ ಯಾರೂ ಬರ್ತಿಲ್ಲ, ಯಾರೂ ದಾಟ್ತಿಲ್ಲ ಅಂತ ನೋಡು. ಆಮೇಲೆ ತಿರುಗಿಸು. ಬೋರ್ಡು ಬೇಡ ಅಂದ್ರೆ ಮಾತ್ರ ಬೇಡ. ಇದರಲ್ಲೇನಿದೆ?" ಎಂದರು. ಬೋರ್ಡು ಬೇಡ ಅನ್ನುವುದನ್ನು ಯಾವ ಭಾಷೆಯಲ್ಲಿ ಅನ್ನುತ್ತದೆ ಎಂದು ಕೇಳಿದೆ. ಅವರು ಫೋನಿನಲ್ಲಿ ಕ್ರಿಕೆಟ್ ನೋಡತೊಡಗಿದರು. ಒಲಾಯಾ ಬಡಾವಣೆಯ ನಮ್ಮ ಆಫೀಸಿನಲ್ಲಿ ಒಬ್ಬರು, ನಿಲ್ಲುವುದೇ ಬೇಡ, ಬಲ ಯಾವಾಗಲೂ ಫ್ರೀ ಎಂದರು. ಇನ್ನೊಬ್ಬರು ಹಾಗೆ ನಿಲ್ಲದೆ ತಿರುಗಿ, ಮನೆ ತಲುಪುವ ಮೊದಲೇ ದಂಡದ ಮೆಸೇಜು ಬಂದದ್ದನ್ನು ತೋರಿಸಿದರು. ಇಷ್ಟು ಜ್ಞಾನ ಒಟ್ಟಾದ ಮೇಲೆ ನಾನೊಂದು ತೀರ್ಮಾನಕ್ಕೆ ಬಂದೆ. ಹಸಿರು ಬರುವವರೆಗೆ ನಿಂತೇ ಇರುವುದು. ಹಿಂದಿನವರು ಹಾರ್ನ್ ಹೊಡೆದರೆ ರೇಡಿಯೊ ಜೋರು ಮಾಡುವುದು.

ಹೀಗೆ ಸುಖವಾಗಿದ್ದಾಗ ಒಂದು ಶನಿವಾರ ಮಧ್ಯಾಹ್ನ ಎದುರು ಮನೆಯ ಜೊಹರಾ ಬಾಗಿಲು ತಟ್ಟಿದಳು. ಬಂಟ್ವಾಳದ ಹುಡುಗಿ, ತುಂಬು ಬಸುರಿ. ಗಂಡ ಹಮೀದ್ ಕೆಲಸದ ಮೇಲೆ ಜಿದ್ದಾಕ್ಕೆ ಹೋಗಿದ್ದ. ಹೆರಿಗೆಗೆ ಇನ್ನೂ ದಿನವಿದೆ ಎಂದು ಡಾಕ್ಟರೇ ಹೇಳಿದ್ದರಂತೆ.

"ಅಕ್ಕ, ಬೆಳಗ್ಗೆಯಿಂದ ಸೊಂಟ ಹಿಡ್ಕೊಂಡಿತ್ತು. ಈಗ ಎಂತದೋ ಬೇರೆ ತರ ಆಗ್ತಾ ಉಂಟು," ಎಂದು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಳು.

ನಮ್ಮವರು ಗೆಳೆಯರ ಕಾರಿನಲ್ಲಿ ಕ್ರಿಕೆಟ್ಟಿಗೆ ಹೋಗಿದ್ದರು. ಟ್ಯಾಕ್ಸಿ ಹತ್ತಿರದಲ್ಲೆಲ್ಲೂ ಇಲ್ಲವೆಂದು ಫೋನು ತೋರಿಸಿತು. ಆಂಬುಲೆನ್ಸ್ ಕರೆಯುತ್ತೇನೆಂದರೆ ಜೊಹರಾ, "ಆಸ್ಪತ್ರೆ ಇಲ್ಲೇ ಅಲ್ವಾ ಅಕ್ಕ, ನೀವೇ ಬಿಡಿ," ಎಂದಳು. ನನ್ನ ಡ್ರೈವಿಂಗ್ ಮೇಲೆ ಅಷ್ಟು ನಂಬಿಕೆ ಇಟ್ಟ ಮೊದಲ ವ್ಯಕ್ತಿ ಅವಳು. ಇಲ್ಲ ಎನ್ನಲು ಮನಸ್ಸಾಗಲಿಲ್ಲ.

ಆಸ್ಪತ್ರೆಗೆ ಒಂದೇ ಸಿಗ್ನಲ್, ಅಲ್ಲಿ ಬಲಕ್ಕೆ. ಹೋಗುವಷ್ಟರಲ್ಲಿ ಕೆಂಪು. ಗಕ್ಕನೆ ನಿಲ್ಲಿಸಿದೆ. ಹಿಂದೆ ಕಾರುಗಳು ಸಾಲುಗಟ್ಟಿ ಹಾರ್ನ್ ಶುರುಮಾಡಿದವು. ಪಕ್ಕದಲ್ಲಿ ಜೊಹರಾ ನನ್ನ ದುಪಟ್ಟಾದ ತುದಿಯನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದಳು.

"ಎಂತಕ್ಕೆ ನಿಂತದ್ದು ಅಕ್ಕ? ರೈಟ್ ಅಲ್ವಾ?"

"ಕೆಂಪು ಇದೆ ಕಣಮ್ಮ. ಅಲ್ಲೊಂದು ಬೋರ್ಡೂ ಇದೆ. ತಿರುಗಬಾರದು ಅಂತಿದ್ದರೆ?"

ರಸ್ತೆಯಂಚಿನ ಕಂಬದ ಮೇಲೆ ಬರೀ ಅರಬ್ಬಿಯಲ್ಲಿ ಬರೆದ ಬೋರ್ಡು. ಜೊಹರಾಗೆ ಕುರ್‌ಆನ್ ಓದಿ ಅರಬ್ಬಿ ಅಕ್ಷರ ಬರುತ್ತದೆ, ಮಾತು ಅಷ್ಟಾಗಿ ಬಾರದು. ಅವಳು ಉಸಿರು ಬಿಗಿಹಿಡಿದು ಓದಿದಳು: "ಮಮ್ನೂ..." ನೋವು ಬಂತು. ಇಬ್ಬರೂ ಕಾದೆವು. ನೋವು ಹೋಯಿತು. "ಮಮ್ನೂ ಅಂದ್ರೆ ಕೂಡದು ಅಂತ ಅಕ್ಕ."

ನಾನು ಬ್ರೇಕನ್ನು ಇನ್ನಷ್ಟು ಒತ್ತಿ ಹಿಡಿದೆ. "ಏನು ಕೂಡದು? ಮುಂದೆ ಓದು!"

"ಅಲ್... ವುಕೂಫ್." ಅವಳ ಕಣ್ಣು ಅರಳಿತು. "ವುಕೂಫ್ ಅಂದ್ರೆ ನಿಲ್ಲುವುದು! ಹಜ್ಜಿಗೆ ಹೋದವರು ಅರಫಾದಲ್ಲಿ ನಿಲ್ತಾರಲ್ಲ, ಅದು. ಇಲ್ಲಿ ನಿಲ್ಲಬಾರದು ಅಂತ ಬರೆದದ್ದು ಮಾರಾಯ್ರೆ! ಯಲ್ಲಾ, ಹೋಗಿ!"

ಎಡಕ್ಕೆ ನೋಡಿದೆ. ರಸ್ತೆ ಖಾಲಿ. ದಾಟುವವರೂ ಇಲ್ಲ. ದೇವರ ಹೆಸರು ಹೇಳಿದೆ, ಯಾವ ದೇವರೆಂದು ನೆನಪಿಲ್ಲ, ಪಕ್ಕದಲ್ಲಿ ಅವಳೂ ಹೇಳುತ್ತಿದ್ದಳು. ಬಲಕ್ಕೆ ತಿರುಗಿಸಿದೆ. ಆಸ್ಪತ್ರೆಯ ಬಾಗಿಲಲ್ಲಿ ನರ್ಸುಗಳು ಅವಳನ್ನು ಗಾಲಿಕುರ್ಚಿಯಲ್ಲಿ ಒಳಗೆ ಕರೆದುಕೊಂಡು ಹೋದರು. ನನ್ನ ದುಪಟ್ಟಾವೂ ಅವಳ ಮುಷ್ಟಿಯಲ್ಲೇ ಹೋಯಿತು.

ಸಂಜೆಯೊಳಗೆ ಹೆಣ್ಣು ಮಗು. ತಾಯಿ ಮಗು ಇಬ್ಬರೂ ಕ್ಷೇಮ ಎಂದು ನರ್ಸ್ ಬಂದು ಹೇಳಿದಳು. ಸಿಕ್ಕಿದ ಮೊದಲ ವಿಮಾನ ಹತ್ತಿ ಬಂದ ಹಮೀದ್ ಮಗುವನ್ನು ನೋಡಿ ಕಣ್ಣೊರೆಸಿಕೊಂಡ. ಬೋರ್ಡಿನ ಕಥೆ ಕೇಳಿ ಮತ್ತೆ ಕಣ್ಣೊರೆಸಿಕೊಳ್ಳುವ ಹಾಗೆ ನಕ್ಕ. "ಅಕ್ಕ, ಅದು ಪಾರ್ಕಿಂಗ್ ಮಾಡಬಾರದು ಅಂತ ಬೋರ್ಡು!"

ನನಗೆ ಹೊಸ ಭಯ ಹುಟ್ಟಿತು. ಆಸ್ಪತ್ರೆಗೆ ಬಂದಿದ್ದ ನಮ್ಮವರತ್ತ ತಿರುಗಿ, ಹಾಗಾದರೆ ದಂಡ ಬರುತ್ತದಾ ಎಂದೆ.

"ತಿರುಗೋ ಮುಂಚೆ ನಿಂತಿದ್ದೆಯಾ?"

"ನಿಂತಿದ್ದೆ. ಬೇಕಾದಷ್ಟು ನಿಂತಿದ್ದೆ."

"ಎಡಕ್ಕೆ ನೋಡಿದೆಯಾ?"

"ನೋಡಿದೆ."

"ಮತ್ತಿನ್ನೇನು? ಕಾನೂನು ಹೇಳಿದ ಹಾಗೇ ತಿರುಗಿಸಿದ್ದೀಯ."

ಮದುವೆಯಾದ ಮೇಲೆ ಅವರ ಬಾಯಿಂದ ಇಷ್ಟು ಹಿತವಾದ ಮಾತು ಕೇಳಿದ ನೆನಪಿಲ್ಲ. ಮೆಸೇಜೂ ಬರಲಿಲ್ಲ.

ಮನೆಗೆ ಕಳಿಸುವ ದಿನ ಜೊಹರಾ ಹಟ ಹಿಡಿದಳು: "ಅಕ್ಕನ ಕಾರಿನಲ್ಲೇ ಹೋಗುವುದು. ಅಕ್ಕನ ಹಾಗೆ ರೂಲ್ಸ್ ಗೊತ್ತಿರುವವರು ಇಲ್ಲಿ ಯಾರೂ ಇಲ್ಲ." ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಸ್ಟೀರಿಂಗ್ ಹಿಡಿದೆ. ಹಿಂದಿನ ಸೀಟಿನಲ್ಲಿ ತಾಯಿ, ಮಗು. ನನ್ನ ಪಕ್ಕ ಹಮೀದ್. ಸಿಗ್ನಲ್ ಬಂತು. ಪೂರ್ತಿ ನಿಲ್ಲಿಸಿದೆ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಕನ್ನಡಿಯಲ್ಲಿ ಹಿಂದಕ್ಕೂ ನೋಡಿದೆ. ಇಂಥ ಜವಾಬ್ದಾರಿಯ ಡ್ರೈವರನ್ನು ಈ ಊರು ಕಂಡಿರಲಾರದು ಎಂದು ನನಗೇ ಅನ್ನಿಸಿತು.

ಹಮೀದ್ ಗಂಟಲು ಸರಿಮಾಡಿಕೊಂಡು ತುಂಬ ಮರ್ಯಾದೆಯಿಂದ ಹೇಳಿದ: "ಅಕ್ಕ, ಬೇಸರ ಮಾಡಬೇಡಿ. ಇದು ಹಸಿರು."